ಮೀಟರಿಗೆ ಗಾಳಿ ತೋರಿಸಿದ್ದು

ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಹೇಳುವುದು. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತೇನೆ. ಅವರು ‘ಓಹೋ’ ಎಂದು ಪಾಯಸದ ಕಡೆ ತಿರುಗುತ್ತಾರೆ. ತಪ್ಪೇನಿಲ್ಲ. ಆದರೆ ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಪಾಯಸ ಆಮೇಲೆ ಕುಡಿಯಲಿ, ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ಇನ್‌ಕ್ರಿಮೆಂಟು, ಬೀಳ್ಕೊಡುಗೆಯ ಭಾಷಣ ಯಾವುದೂ ಇದರಲ್ಲಿ ಬರುವುದಿಲ್ಲ. ಅಂದು ಹೊದಿಸಿದ ಶಾಲು ಈಗ ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಧೂಳು ತಡೆಯುತ್ತಿದೆ.

ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೀಟರು ರಿಪೇರಿ ಮಾಡುವ ವಿಭಾಗಕ್ಕೆ ಸೇರಿದಾಗ ಅಲ್ಲಿ ಹೆಂಗಸರಿಗೆ ಬೇರೆ ಶೌಚಾಲಯವೂ ಇರಲಿಲ್ಲ. ಫೋರ್‌ಮನ್ ಪೆರುಮಾಳ್ ಎಂಬವರು. ಅವರ ಅಜ್ಜ ಸೇಲಂ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರಂತೆ. ಪೆರುಮಾಳ್ ಹುಟ್ಟಿದ್ದು ಬೆಳೆದದ್ದು ಭದ್ರಾವತಿಯಲ್ಲೇ ಆದರೂ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬಿಟ್ಟಿರಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಏನಮ್ಮಾ ವನಜಾಕ್ಷಿ, ಚಿಮಣಿ ಹತ್ತುತೀಯಾ?” ಎಂದರು. “ಹತ್ತುತೀನಿ” ಎಂದೆ. “ಸೀರೇಲಿ?” “ನಾಳೆಯಿಂದ ಚೂಡಿದಾರ್.” ಅಷ್ಟಕ್ಕೇ ನನ್ನ ಇಂಟರ್‌ವ್ಯೂ ಮುಗಿಯಿತು.

ಬಾಯ್ಲರಿನ ಹೊಗೆ ಹೋಗುವ ಕೊಳವೆಯೊಳಗೆ ಒಂದು ಉದ್ದನೆಯ ಕಡ್ಡಿ ತೂರಿಸಿರುತ್ತಿದ್ದರು. ಅದರ ತುದಿಯಲ್ಲಿ ಪಿಂಗಾಣಿಯಂಥ ಒಂದು ಚಿಕ್ಕ ನಳಿಗೆ. ಕೆಂಪಗೆ ಕಾದಾಗ ಅದು ಒಂದು ಕಡೆಯ ಹೊಗೆಯನ್ನೂ ಇನ್ನೊಂದು ಕಡೆಯ ಗಾಳಿಯನ್ನೂ ಹೋಲಿಸಿ, ಆಮ್ಲಜನಕದ ವ್ಯತ್ಯಾಸವನ್ನು ಸಣ್ಣ ಕರೆಂಟಾಗಿ ಹೇಳುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದ್ದರೆ ಬಿಸಿ ಸುಮ್ಮನೆ ಆಚೆ ಹೋಗುತ್ತಿದೆ ಎಂದರ್ಥ, ಕಡಿಮೆಯಾದರೆ ಕಲ್ಲಿದ್ದಲು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಕಾರಿನ ಎಂಜಿನ್ನಿನಲ್ಲೂ ವಿಷಯ ಇಷ್ಟೇ. ಬೆಂಕಿ ಎಲ್ಲಿದ್ದರೂ ಬೆಂಕಿಯೇ.

ಮೊದಲ ತಿಂಗಳಲ್ಲೇ ನಾನು ಒಂದು ಹೊಸ ಕಡ್ಡಿ ಒಡೆದೆ. ತಣ್ಣಗಿದ್ದದ್ದನ್ನು ಸುಡುವ ಹೊಗೆಯೊಳಗೆ ಒಮ್ಮೆಲೇ ತಳ್ಳಿದ್ದಕ್ಕೆ ‘ಟಿಕ್’ ಎಂದಿತು. ಪೆರುಮಾಳ್ ಬೈಯಲಿಲ್ಲ. ಮುಂದಿನ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, “ಒಂದಿಂಚು ತಳ್ಳು, ಐದು ನಿಮಿಷ ನಿಲ್ಲು. ಹಸುಗೂಸಿನ ಸ್ನಾನದ ಥರ” ಎಂದು ಸ್ಟೂಲ್ ಹಾಕಿಕೊಂಡು ಎದುರಿಗೆ ಕೂತರು. ಎರಡೂವರೆ ಗಂಟೆ ಹಿಡಿಯಿತು. ನಾನು ಹೆರುವ ಮೊದಲೇ ಹಸುಗೂಸಿನ ಸ್ನಾನ ಕಲಿತದ್ದು ಹೀಗೆ.

ಅವರ ಇನ್ನೊಂದು ಪಾಠ ಗಾಳಿಯದು. ಕಡ್ಡಿಯನ್ನು ಕೆಲಸಕ್ಕೆ ಹಚ್ಚುವ ಮೊದಲು ಅದಕ್ಕೆ ಶುದ್ಧ ಗಾಳಿ ಕೊಟ್ಟು, ‘ನೋಡು, ಇದೇ ಇಪ್ಪತ್ತೊಂದು ಪರ್ಸೆಂಟು’ ಎಂದು ಗುರುತು ಹಾಕಿಸಬೇಕು. ಅದನ್ನು ಅವರು ‘ಗಾಳಿ ತೋರಿಸೋದು’ ಎನ್ನುತ್ತಿದ್ದರು. ನಾವೆಲ್ಲ ಸೋಮಾರಿಗಳು, ಬಾಯ್ಲರ್ ಮನೆಯ ಒಳಗಿನ ಗಾಳಿಯನ್ನೇ ತೋರಿಸಿ ಮುಗಿಸಲು ನೋಡುತ್ತಿದ್ದೆವು. ಪೆರುಮಾಳ್ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು: “ಗಾಳಿ ಎಲ್ಲಿಂದು ಅಮ್ಮಾ?” ಆಗ ಪೈಪು ಎತ್ತಿಕೊಂಡು ಗೋಡೆಯಾಚೆ, ಹೊಳೆಯ ಕಡೆಯ ಕಿಟಕಿಗೆ ಓಡಬೇಕಿತ್ತು. ದಿನಕ್ಕೆರಡು ಸಲ ಈ ಪ್ರಶ್ನೆ. ಅವರು ನಿವೃತ್ತರಾದ ಮೇಲೂ ಆ ಮೆಟ್ಟಿಲಿಳಿಯುವಾಗ ನನಗೆ ಅದೇ ಕೇಳಿಸುತ್ತಿತ್ತು.

ಕಂಪ್ಯೂಟರ್ ಬಂದ ವರ್ಷದ ಕಥೆ ಹೇಳಲೇಬೇಕು. ಮುಳ್ಳಿನ ಮೀಟರುಗಳನ್ನು ಕಿತ್ತು ಪರದೆಗಳನ್ನು ಇಟ್ಟರು. ದಶಮಾಂಶದ ಎರಡು ಅಂಕಿ ಕಂಡರೆ ಮನುಷ್ಯನಿಗೆ ದೇವರನ್ನು ಕಂಡಷ್ಟು ನಂಬಿಕೆ ಬರುತ್ತದೆ. ಒಂದು ದಿನ ಪರದೆ ಆಮ್ಲಜನಕ ಜಾಸ್ತಿ ಎಂದಿತು. ಆಪರೇಟರ್ ಗಾಳಿ ಕಡಿಮೆ ಮಾಡಿದ. ಮತ್ತೂ ಜಾಸ್ತಿ ಎಂದಿತು, ಮತ್ತೂ ಕಡಿಮೆ ಮಾಡಿದ. ನಾವೆಲ್ಲ ಪರದೆ ಸುತ್ತ ನಿಂತು ತಲೆದೂಗುತ್ತಿದ್ದೆವು. ಹೊರಗಿದ್ದ ಪೆರುಮಾಳ್ ಒಬ್ಬರೇ ತಲೆಯೆತ್ತಿ ಚಿಮಣಿ ನೋಡಿದರು. ಕಾಡಿಗೆಯಂಥ ಹೊಗೆ ಹೊರಟು ಕಾಲೋನಿಯಲ್ಲಿ ಒಣಹಾಕಿದ್ದ ಬಟ್ಟೆಯ ಮೇಲೆಲ್ಲ ಮಸಿ ಉದುರುತ್ತಿತ್ತು. ಕಡ್ಡಿಯ ಬುಡದ ನಟ್ಟು ಸಡಿಲವಾಗಿ ಹೊರಗಿನ ಗಾಳಿ ಒಳಗೆ ನುಸುಳುತ್ತಿತ್ತು, ಮೀಟರು ಆ ಗಾಳಿಯನ್ನು ಅಳೆಯುತ್ತಿತ್ತು. ಆ ನಟ್ಟನ್ನು ಸರಿಯಾಗಿ ಬಿಗಿ ಮಾಡದೆ ಬಿಟ್ಟವಳು ನಾನೇ. “ಮೀಟರ್ ನೋಡು, ಬೇಡ ಅನ್ನಲ್ಲ. ಚಿಮಣೀನೂ ನೋಡು ಅಮ್ಮಾ” ಎಂದರು ಪೆರುಮಾಳ್. ಕಾಲೋನಿಯ ಹೆಂಗಸರು ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು.

ಇಷ್ಟೆಲ್ಲ ಕಲಿತವಳು ನಾನು. ಆದ್ದರಿಂದಲೇ ಮುಂದೆ ಹೇಳಲಿರುವ ತಪ್ಪು ಇನ್ನೂ ಚುಚ್ಚುತ್ತದೆ.

ನಿವೃತ್ತಿಯಾದ ಮೇಲೆ ಶಿವಮೊಗ್ಗದ ವಿನೋಬನಗರಕ್ಕೆ ಬಂದೆವು. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಪೇಪರು ಓದಿಕೊಂಡು ಸುಖವಾಗಿದ್ದರು. ನನಗೆ ಕೈ ಕಡಿಯುತ್ತಿತ್ತು. ಹಳೆಯ ಸ್ಕೂಟರನ್ನು ನೆಪ ಮಾಡಿಕೊಂಡು ಸಾಗರ ರಸ್ತೆಯ ಕಡೆ, ಗ್ಯಾರೇಜುಗಳೆಲ್ಲ ಒಟ್ಟಿಗಿರುವ ಆಟೋ ಕಾಂಪ್ಲೆಕ್ಸಿಗೆ ಹೋಗತೊಡಗಿದೆ. ಅಲ್ಲಿ ನಜೀರ್ ಸಾಹೇಬರ ಶೆಡ್ಡು. ಕಾರ್ಬುರೇಟರ್ ಎಂದರೆ ನಜೀರ್ ಸಾಹೇಬರು ಎಂದು ಜಿಲ್ಲೆಯೆಲ್ಲ ಹೆಸರು. ಹಳೆಯ ಜೀಪು, ಹಳೆಯ ಬುಲೆಟ್ಟು, ಕೆಸರಿನ ರೇಸಿಗೆ ಹೋಗುವ ಬೈಕುಗಳು ಎಲ್ಲ ಅವರಲ್ಲಿಗೇ ಬರುತ್ತಿದ್ದವು. ಟ್ಯಾಂಕಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಸ್ಕ್ರೂ ತಿರುಗಿಸುತ್ತ ಎಂಜಿನ್ನಿನ ಸದ್ದು ಕೇಳಿಯೇ ಪೆಟ್ರೋಲು ಗಾಳಿಯ ಹದ ಮಾಡುತ್ತಾರೆ ಎಂಬುದು ಅವರ ಕೀರ್ತಿ.

ಮೂರನೆಯ ಸಲ ಹೋದಾಗ ನಾನು ಒಂದು ವಿಚಿತ್ರ ಗಮನಿಸಿದೆ. ಸಾಹೇಬರು ನನ್ನ ಸ್ಕೂಟರಿನ ಸೀಟಿನ ಮೇಲೆ ಟೀ ಗ್ಲಾಸು ಇಟ್ಟುಕೊಂಡು ಸ್ಕ್ರೂ ತಿರುಗಿಸುತ್ತಿದ್ದರು. ಎಂಜಿನ್ನು ಏದುಸಿರು ಬಿಡುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಗ್ಲಾಸಿನಲ್ಲಿದ್ದ ಟೀಯ ಅಲೆಯನ್ನು ನೋಡುತ್ತಿದ್ದರು. ಅಲೆ ಸಣ್ಣದಾದಾಗ ಸ್ಕ್ರೂ ನಿಲ್ಲಿಸಿದರು. ಟೀಯನ್ನು ಕುಡಿಯಲೇ ಇಲ್ಲ, ಚೆಲ್ಲಿದರು. ಮಾತಾಡುವಾಗ ಅವರು ಎದುರಿನವರ ಬಾಯಿಯನ್ನೇ ನೋಡುವುದು ನನಗೆ ಗೊತ್ತಿತ್ತು. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಅವರ ಎದುರಿಗೆ ನಿಂತು ನಿಧಾನವಾಗಿ ಕೇಳಿದೆ. “ಸಾಬ್ರೇ, ಎಷ್ಟು ದಿನದಿಂದ ಕೇಳಿಸ್ತಿಲ್ಲ?”

ಅವರು ಕೈಯಲ್ಲಿದ್ದ ಬಟ್ಟೆಯಿಂದ ಸ್ಕ್ರೂಡ್ರೈವರ್ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. “ಎರಡು ವರ್ಷ ಆಯ್ತು ಅಕ್ಕಾ. ನಲವತ್ತು ವರ್ಷ ಸೈಲೆನ್ಸರ್ ಇಲ್ಲದ ಗಾಡಿ ಪಕ್ಕ ನಿಂತ್ರೆ ಇನ್ನೇನಾಗುತ್ತೆ. ಮಾತು ಒಂದಿಷ್ಟು ಗೊತ್ತಾಗುತ್ತೆ. ಎಂಜಿನ್ ಒಳಗಿನ ಸಣ್ಣ ಸದ್ದು ಹೋಯ್ತು. ಯಾರ ಹತ್ರಾನೂ ಬಾಯಿ ಬಿಡಬೇಡಿ. ಕಿವಿ ಇಲ್ಲದ ಕಾರ್ಬುರೇಟರ್ ಮಿಸ್ತ್ರಿ ಅಂದ್ರೆ ನಾಳೆಯಿಂದ ಈ ಶಟರ್ ಎತ್ತೋ ಕೆಲಸ ಇರಲ್ಲ.”

“ಡಾಕ್ಟರಿಗೆ ತೋರಿಸಿದ್ರಾ?”

“ಮಿಷಿನ್ ಹಾಕ್ಕೋ ಅಂತಾರೆ. ಹಾಕ್ಕೊಂಡೆ. ಅದರಲ್ಲಿ ಎಂಜಿನ್ ಸೌಂಡು ಕಾಗೆ ಕೂಗಿದ ಹಾಗೆ ಬರುತ್ತೆ.”

ಆ ಮನುಷ್ಯ ಕಳೆದುಕೊಳ್ಳುತ್ತಿದ್ದದ್ದು ಬರೀ ಸಂಪಾದನೆಯಲ್ಲ ಎಂದು ನನಗೆ ಅರ್ಥವಾಯಿತು. ಸದ್ದಿನಿಂದ ಅವರಿಗೆ ಗೊತ್ತಾಗುತ್ತಿದ್ದದ್ದು, ಹೊಗೆಯಿಂದ ನನಗೆ ಗೊತ್ತಾಗುತ್ತಿದ್ದದ್ದು ಒಂದೇ ವಿಷಯ. “ನಾನೊಂದು ಮೀಟರ್ ಕಟ್ಟಿಕೊಡ್ತೀನಿ. ಕಿವಿಗೆ ಕೇಳೋದನ್ನ ಕಣ್ಣಿಗೆ ತೋರಿಸುತ್ತೆ” ಎಂದೆ. ಇದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ.

ಕಾರುಗಳಲ್ಲಿ ಮಾಮೂಲಿ ಇರುವ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲು ಹೆಚ್ಚು’ ಅಥವಾ ‘ಕಡಿಮೆ’ ಎಂದು ಎರಡೇ ಮಾತು ಆಡುತ್ತದೆ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುವುದು ವೈಡ್‌ಬ್ಯಾಂಡ್ ಸೆನ್ಸರ್. ಹೆಬ್ಬೆರಳಿನಷ್ಟು ದಪ್ಪ, ಐದು ವೈರು. ಬೆಂಗಳೂರಿನಿಂದ ಪಾರ್ಸೆಲ್ಲಿನಲ್ಲಿ ಬಂದಾಗ ಬಿಚ್ಚಿ ನೋಡಿದೆ, ನಮ್ಮ ಬಾಯ್ಲರ್ ಕಡ್ಡಿಯ ಮೊಮ್ಮಗಳು! ಅಷ್ಟು ಖುಷಿಯಾಯಿತು ನನಗೆ. ಅಡುಗೆಮನೆಯ ಪಕ್ಕದ ಮೇಜನ್ನು ಹಿಡಿದುಕೊಂಡೆ. ಅದನ್ನು ಬಿಸಿ ಮಾಡುವ ಹೀಟರಿಗೆ ಕರೆಂಟನ್ನು ಮೆಲ್ಲಮೆಲ್ಲನೆ ಏರಿಸುವ ಹಾಗೆ ಸರ್ಕಿಟ್ಟು ಮಾಡಿದೆ. ಪೆರುಮಾಳ್ ಕಲಿಸಿದ ಹಸುಗೂಸಿನ ಸ್ನಾನ ಮರೆತಿರಲಿಲ್ಲ.

ಆದರೆ ಒಂದು ಬುದ್ಧಿವಂತಿಕೆ ಮಾಡಿದೆ. ಸೆನ್ಸರಿನ ಪ್ಲಗ್ಗು ನನ್ನ ಬೋರ್ಡಿಗೆ ಹೊಂದಲಿಲ್ಲವೆಂದು ಅದನ್ನು ಕತ್ತರಿಸಿ ಎಸೆದು, ವೈರುಗಳನ್ನು ನೇರವಾಗಿ ಬೆಸುಗೆ ಹಾಕಿಬಿಟ್ಟೆ. ಆಮೇಲೆ ಕಾಗದ ಓದಿದರೆ, ಪ್ರತಿ ಸೆನ್ಸರಿನ ಸಣ್ಣಪುಟ್ಟ ವ್ಯತ್ಯಾಸ ಸರಿದೂಗಿಸುವ ಒಂದು ಬಿಡಿಭಾಗವನ್ನು ಆ ಪ್ಲಗ್ಗಿನೊಳಗೇ ಕೂರಿಸಿರುತ್ತಾರಂತೆ. ಕಸದ ಗಾಡಿ ಅಷ್ಟರಲ್ಲಿ ಬಂದು ಹೋಗಿತ್ತು. “ಮೊದಲು ಓದಿ ಆಮೇಲೆ ಕತ್ತರಿಸಬೇಕು ಅಂತ ನಾನು ಎಂಟನೇ ಕ್ಲಾಸಿನವರಿಗೆ ಹೇಳ್ತಿದ್ದೆ” ಎಂದರು ಯಜಮಾನರು. ಪರವಾಗಿಲ್ಲ, ಬೇರೆ ದಾರಿ ಇತ್ತು. ಶುದ್ಧ ಗಾಳಿ ತೋರಿಸಿ, ‘ಇದೇ ಇಪ್ಪತ್ತೊಂದು’ ಎಂದು ಮೀಟರಿಗೆ ನೆನಪಿಡಿಸಿದರೆ ಆಯಿತು. ನನಗೆ ಅದು ಎಡಗೈ ಕೆಲಸ.

ಮೀಟರಿನ ಮುಖದ ಬಗ್ಗೆ ಸಾಹೇಬರಿಗೂ ನನಗೂ ಜಗಳವಾಯಿತು. ನಾನು ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ಅಂಕಿಯಲ್ಲಿ ತೋರಿಸುವ ಪರದೆ ಇಟ್ಟಿದ್ದೆ. “ಹನ್ನೆರಡು ಪಾಯಿಂಟ್ ಏಳು, ಹದಿಮೂರು ಪಾಯಿಂಟ್ ಎರಡು ಅಂತ ಓದ್ತಾ ಕೂರೋಕೆ ನಾನೇನು ಬ್ಯಾಂಕ್ ಮ್ಯಾನೇಜರಾ? ನಂಗೆ ಮುಳ್ಳು ಬೇಕು. ಅದು ಓಡೋದು ನೋಡಿದ್ರೆ ಗೊತ್ತಾಗಬೇಕು” ಎಂದರು. ಗುಜರಿಯಿಂದ ಹಳೆಯ ಮುಳ್ಳಿನ ಮೀಟರೊಂದನ್ನು ತಂದೆ. ಅದರ ಮುಖಕ್ಕೆ ಯಾವ ಅಂಕಿ ಬರೆಯಲಿ ಎಂದಾಗ ಸಾಹೇಬರು ಮೂರು ಹಳೆಯ ಸ್ಪಾರ್ಕ್ ಪ್ಲಗ್ ತಂದು ಮುಂದಿಟ್ಟರು. ಒಂದರ ತುದಿ ಮಸಿ ಕಪ್ಪು. ಪೆಟ್ರೋಲು ಹೆಚ್ಚಾದದ್ದು. ಒಂದು ಸುಣ್ಣದ ಬಿಳುಪು. ಪೆಟ್ರೋಲು ಸಾಲದೆ ಎಂಜಿನ್ನು ಸುಡುತ್ತಿರುವುದು. ನಡುವಿನದು ಕಾಫಿ ಬಣ್ಣ. ಅದೇ ಹದ. ಮಿಸ್ತ್ರಿಗಳು ತಲೆತಲಾಂತರದಿಂದ ಪ್ಲಗ್ ಬಿಚ್ಚಿ ಹೀಗೇ ನೋಡುತ್ತ ಬಂದಿದ್ದಾರೆ. ಮೀಟರಿನ ಮುಖಕ್ಕೆ ಆ ಮೂರೇ ಬಣ್ಣ ಬಳಿದೆ, ಎಡಕ್ಕೆ ಕಪ್ಪು, ನಡುವೆ ಕಾಫಿ, ಬಲಕ್ಕೆ ಬಿಳಿ. ನನ್ನ ಸರ್ವಿಸಿನಲ್ಲಿ ಅದಕ್ಕಿಂತ ಒಳ್ಳೆಯ ಮೀಟರನ್ನು ನಾನು ನೋಡಿಲ್ಲ.

ಎಲ್ಲ ಮುಗಿಯುವ ಹೊತ್ತಿಗೆ ಆಯುಧಪೂಜೆ ಬಂತು. ನಜೀರ್ ಸಾಹೇಬರ ಶೆಡ್ಡಿನಲ್ಲಿ ಪೂಜೆ ಜೋರು. ಪಕ್ಕದ ಶೆಡ್ಡಿನ ವೆಲ್ಡಿಂಗ್ ಶಂಕ್ರಪ್ಪ ಮಂಗಳಾರತಿ ಎತ್ತುತ್ತಾನೆ, ಕುಂಬಳಕಾಯಿ ಮತ್ತು ಹೂವು ಸಾಹೇಬರದ್ದು. ಎಷ್ಟೋ ವರ್ಷದಿಂದ ಹಾಗೇ ನಡೆದುಕೊಂಡು ಬಂದಿದೆ. ಬೆಳಿಗ್ಗೆಯಿಂದ ಅವರಿಬ್ಬರೂ ಸ್ಪ್ಯಾನರು, ಜೆಟ್ಟು, ಟ್ರೇ ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು ಫಳಫಳ ಮಾಡಿದ್ದರು. ಸೆನ್ಸರನ್ನು ನಾನು ಬೆಂಚಿನ ಮೇಲಿನ ಮೊಳೆಗೆ ನೇತುಹಾಕಿದೆ. ಶಂಕ್ರಪ್ಪ ಅದಕ್ಕೆ ಕುಂಕುಮ ಹಚ್ಚಲು ಬಂದ.

“ಅದಕ್ಕೆ ಹಚ್ಚಬೇಡ ಮಾರಾಯ, ಪೆಟ್ಟಿಗೆಗೆ ಹಚ್ಚು” ಎಂದು ತಡೆದೆ. ಎಷ್ಟು ಜಾಗ್ರತೆ ನನ್ನದು!

ಗಾಳಿಗೆ ಕರ್ಪೂರ ಆರುತ್ತಿದೆಯೆಂದು ಶಟರನ್ನು ಅರ್ಧ ಎಳೆದರು. ಧೂಪದ ಹೊಗೆ ತುಂಬಿತು. ಗಂಟೆ ಬಾರಿಸುವಾಗ ನಾನು ಮೀಟರಿನ ಸ್ವಿಚ್ ಹಾಕಿದೆ, ಹೀಟರ್ ಕಾಯಲು ಬಿಟ್ಟೆ. ಸರಿಯಾಗಿ ಮಂಗಳಾರತಿ ಎತ್ತಿದ ಹೊತ್ತಿಗೆ ಬಟನ್ ಒತ್ತಿ ‘ಇದೇ ಶುದ್ಧ ಗಾಳಿ’ ಎಂದು ಅದಕ್ಕೆ ನೆನಪು ಕೊಟ್ಟೆ. ಮೊದಲ ಗುರುತು ದೇವಿಯ ಎದುರಿಗೇ ಆಗಲಿ ಎಂಬ ಆಸೆ. ಸಾಹೇಬರ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಧೂಪಕ್ಕೆ ಎಂದು ಒರೆಸಿಕೊಂಡೆವು.

ನಾಲ್ಕು ದಿನ ಬಿಟ್ಟು ಮಂಜುನಾಥ ಬಂದ. ಹೊಳೆಹೊನ್ನೂರಿನವನು. ವಾರವೆಲ್ಲ ಅಕ್ಕಿ ಗಿರಣಿ ನಡೆಸುತ್ತಾನೆ, ಭಾನುವಾರ ಕೆಸರಿನ ಟ್ರ್ಯಾಕಿನಲ್ಲಿ ಬೈಕು ಹಾರಿಸುತ್ತಾನೆ. ರೇಸಿಗೆ ಇನ್ನು ಮೂರು ವಾರ ಇತ್ತು. ಶಂಕ್ರಪ್ಪನಿಂದ ಸೈಲೆನ್ಸರಿಗೆ ಒಂದು ನಟ್ಟು ವೆಲ್ಡ್ ಮಾಡಿಸಿ ಸೆನ್ಸರ್ ಕೂರಿಸಿದೆವು. ಮಂಜುನಾಥನಿಗೆ “ಅಕ್ಕ ಏನೋ ಪರೀಕ್ಷೆ ಮಾಡ್ತಾರಂತೆ” ಎಂದಷ್ಟೇ ಹೇಳಿದೆವು. ಫುಲ್ ಆಕ್ಸಿಲರೇಟರಿನಲ್ಲಿ ಮುಳ್ಳು ಕಪ್ಪಿನ ಕಡೆ ವಾಲಿತು. ಸಾಹೇಬರು ಕಾರ್ಬುರೇಟರಿಗೆ ಸಣ್ಣ ತೂತಿನ ಜೆಟ್ ಹಾಕಿ ಪೆಟ್ರೋಲು ಕಡಿಮೆ ಮಾಡಿದರು. ಇನ್ನೂ ಕಪ್ಪು. ಇನ್ನೂ ಸಣ್ಣ ಜೆಟ್. ಮುಳ್ಳು ಕಾಫಿಗೆ ಬಂದು ನಿಂತಿತು. ನನಗೆ ಕುಣಿಯುವಷ್ಟು ಸಂತೋಷ.

ಸಾಹೇಬರು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. “ಅಕ್ಕಾ, ಇದು ಬಿಳಿ ಕಡೆ ಹೋಗ್ತಿದೆಯಲ್ಲಾ.”

“ಮುಳ್ಳು ಕಾಫೀಲಿದೆ ಸಾಬ್ರೇ.”

“ಪ್ಲಗ್ ಹಿಂಗೆ ಹೇಳ್ತಿದೆ...”

“ಪ್ಲಗ್ಗು ಹಳೇ ಕಾಲದ್ದು. ಪೆಟ್ರೋಲೇ ಬದಲಾಗಿದೆ, ಬಣ್ಣ ಬದಲಾಗಲ್ವಾ? ಮೀಟರ್ ನಂಬಿ.”

ಅವರು ಪ್ಲಗ್ಗನ್ನು ಇನ್ನೊಮ್ಮೆ ನೋಡಿದರು, ನನ್ನ ಮುಖ ನೋಡಿದರು. “ನೀವು ಓದಿದವರು. ನನ್ನ ಕಿವಿ ಹೋಗಿದೆ, ಕಣ್ಣೂ ಹೋಯ್ತೇನೋ” ಎಂದು ಪ್ಲಗ್ಗನ್ನು ವಾಪಸ್ ಹಾಕಿದರು. ಆ ಮನುಷ್ಯನಲ್ಲಿ ಗಟ್ಟಿಯಾಗಿ ಉಳಿದಿದ್ದ ಒಂದು ವಿದ್ಯೆಯ ಮೇಲೂ ಅವರಿಗೆ ಅಪನಂಬಿಕೆ ಬರುವ ಹಾಗೆ ಮಾಡಿದವಳು ನಾನು.

ಭಾನುವಾರ ಪ್ರಾಕ್ಟೀಸಿನಲ್ಲಿ ಮಂಜುನಾಥನ ಬೈಕಿನ ಪಿಸ್ಟನ್ ನಡುಮಧ್ಯೆ ಕರಗಿ ತೂತು ಬಿತ್ತು. ಹಿಂದಿನ ಚಕ್ರ ಕಚ್ಚಿಕೊಂಡು ಅವನು ಕೆಸರಿಗೆ ಬಿದ್ದ. ಮೊಣಕೈ ತರಚಿತ್ತು ಅಷ್ಟೆ, ಪುಣ್ಯ. ಸೋಮವಾರ ಪಿಸ್ಟನ್ ಹಿಡಿದುಕೊಂಡು ಶೆಡ್ಡಿಗೆ ಬಂದಾಗ ನಾನೂ ಅಲ್ಲಿದ್ದೆ.

“ಸಾಬ್ರೇ, ಇಷ್ಟು ವರ್ಷದಲ್ಲಿ ನಿಮ್ಮ ಕೈಯಿಂದ ಹಿಂಗಾಗಿರ್ಲಿಲ್ಲ” ಎಂದ ಅವನು. ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಡಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು, “ನನ್ನ ಕೈತಪ್ಪು ಮಂಜು. ಹೊಸ ಪಿಸ್ಟನ್ ನಾನು ಹಾಕಿಕೊಡ್ತೀನಿ” ಎಂದುಬಿಟ್ಟರು. ಮೀಟರಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ಮೀಟರು ಯಾಕೆ ಬೇಕಾಯಿತು ಎಂಬ ಮಾತು ಬರುತ್ತದಲ್ಲ. ಎರಡೇ ದಿನದಲ್ಲಿ ಕಾಂಪ್ಲೆಕ್ಸಿನಲ್ಲೆಲ್ಲ ‘ಸಾಬ್ರ ಕೈ ಮೊದಲಿನ ಹಾಗಿಲ್ಲ’ ಎಂದು ಗುಸುಗುಸು ಶುರುವಾಯಿತು. ದುರಸ್ತಿಗೆ ಬಂದಿದ್ದ ಜೀಪೊಂದು ಹಾಗೇ ತಿರುಗಿ ಹೋಯಿತು. ಸಾಹೇಬರು ಮೀಟರನ್ನು ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟು, “ಇದು ನಿಮ್ಮ ಹತ್ರಾನೇ ಇರಲಿ ಅಕ್ಕಾ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಸಿಟ್ಟು ಬಂತು, ನನ್ನ ಮೇಲೆ.

ಮೂರು ದಿನ ಅದರ ಕರುಳು ಬಗೆದೆ. ಬೆಸುಗೆ ಸರಿ, ಹೀಟರ್ ಸರಿ, ವೆಲ್ಡಿಂಗ್ ಸೋರುತ್ತಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮಹಡಿಯ ಮೇಲೆ, ಹಪ್ಪಳ ಒಣಹಾಕಿದ್ದ ಪಕ್ಕದಲ್ಲಿ ಸೆನ್ಸರ್ ಕಾಯಿಸಿ, ಬೋರ್ಡಿನ ಒಳಗಿನ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಆಮ್ಲಜನಕ ಇಪ್ಪತ್ತೇಳು ಪರ್ಸೆಂಟು ಎಂದಿತು.

ಯಜಮಾನರು ಇಣುಕಿದರು. “ಪರವಾಗಿಲ್ವೇ, ನಮ್ಮ ಮಹಡಿ ಮೇಲೆ ಆಸ್ಪತ್ರೆ ಶುರು ಮಾಡಬಹುದು. ಬೇರೆಲ್ಲೂ ಇಷ್ಟು ಸಿಗಲ್ಲ.”

ಅವರು ನಕ್ಕರು. ನನಗೆ ಮಾತ್ರ ಮೆಟ್ಟಿಲ ಕೆಳಗಿನಿಂದ ಪೆರುಮಾಳ್ ಕೂಗಿದ ಹಾಗಾಯಿತು: “ಗಾಳಿ ಎಲ್ಲಿಂದು ಅಮ್ಮಾ?”

ಅರ್ಧ ಮುಚ್ಚಿದ ಶಟರು. ಧೂಪ, ಕರ್ಪೂರ. ಬೆಂಚಿನ ಕೆಳಗೆ ಪೆಟ್ರೋಲಿನಲ್ಲಿ ತೊಳೆದು ಇನ್ನೂ ಆರದ ಟ್ರೇಗಳು, ಅವುಗಳ ನೇರ ಮೇಲೆ ಮೊಳೆಗೆ ನೇತುಹಾಕಿದ ಸೆನ್ಸರು. ಕಾದ ಸೆನ್ಸರಿನ ಹತ್ತಿರ ಬಂದ ಪೆಟ್ರೋಲಿನ ಆವಿ ಅಲ್ಲೇ ಉರಿದು ಆಮ್ಲಜನಕ ತಿಂದುಹಾಕಿತ್ತು. ಆ ಬಡಕಲು ಗಾಳಿಯನ್ನೇ ನಾನು ‘ಇಪ್ಪತ್ತೊಂದು’ ಎಂದು ಮೀಟರಿಗೆ ಕಲಿಸಿದ್ದೆ. ಅಂದಿನಿಂದ ಅದು ಆಮ್ಲಜನಕ ಹೆಚ್ಚಿದ್ದರೂ ಸಾಲದಿದ್ದರೂ ಎರಡನ್ನೂ ಹಿಗ್ಗಿಸಿ ಹೇಳುತ್ತಿತ್ತು. ಪೆಟ್ರೋಲು ಸ್ವಲ್ಪ ಹೆಚ್ಚಿದ್ದರೆ ಬಹಳ ಹೆಚ್ಚು ಎನ್ನುತ್ತಿತ್ತು. ನಾವು ಕಡಿಮೆ ಮಾಡುತ್ತ ಹೋದೆವು, ಪಿಸ್ಟನ್ ಸುಟ್ಟಿತು. ಪ್ಲಗ್ ನಿಜ ಹೇಳಿತ್ತು. ಸಾಹೇಬರ ಕಣ್ಣು ನಿಜ ಹೇಳಿತ್ತು. ಅಷ್ಟು ಆವಿಯ ನಡುವೆ ಕೆಂಪಗೆ ಕಾದ ಸೆನ್ಸರನ್ನೂ ಕರ್ಪೂರವನ್ನೂ ಇಟ್ಟರೂ ಶೆಡ್ಡು ಹತ್ತಿ ಉರಿಯದೆ ಇದ್ದದ್ದು ದೇವಿಯ ದಯೆ. ಆವತ್ತು ಅವಳು ಮಾಡಿದ ಉಪಕಾರ ಅಷ್ಟು, ಉಳಿದದ್ದು ನನ್ನ ಕೆಲಸವಾಗಿತ್ತು.

ತಪ್ಪು ಸಿಕ್ಕಿತು. ಈಗ ಅದನ್ನು ಹೇಳುವುದು ಹೇಗೆ? ತಪ್ಪು ನನ್ನದು ಎನ್ನಬೇಕಾದರೆ ಮೀಟರಿನ ವಿಷಯ ಹೇಳಬೇಕು, ಮೀಟರಿನ ವಿಷಯ ಹೇಳಿದರೆ ಸಾಹೇಬರ ಕಿವಿಯ ಗುಟ್ಟು ಹೋಗುತ್ತದೆ. ಸುಮ್ಮನಿದ್ದರೆ ಅವರ ಹೆಸರು ಹೋಗುತ್ತದೆ. ನಾನು ಸುಮ್ಮನಿರುವ ಜಾತಿಯಲ್ಲ. ಅವರನ್ನೇ ಕೇಳಿಬಿಡೋಣ ಎಂದು ಹೋದೆ. ಹೋದರೆ ಶೆಡ್ಡಿನಲ್ಲಿ ಮಂಜುನಾಥ, ಶಂಕ್ರಪ್ಪ ಇಬ್ಬರೂ ಇದ್ದಾರೆ. ಹೊಸ ಪಿಸ್ಟನ್ ಹಾಕಿ ಆಗಿತ್ತು. ಸಾಹೇಬರ ಕೈ ಕಾರ್ಬುರೇಟರಿನ ಮೇಲಿತ್ತು, ಸ್ಕ್ರೂ ಮುಟ್ಟಲು ಹಿಂಜರಿಯುತ್ತಿತ್ತು. ನಲವತ್ತು ವರ್ಷ ಸ್ಕ್ರೂ ತಿರುಗಿಸಿದ ಕೈ ಹಾಗೆ ಹಿಂಜರಿಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಮಂಜು, ಪಿಸ್ಟನ್ ಸುಟ್ಟಿದ್ದು ನಾನು. ಸಾಬ್ರು ಪ್ಲಗ್ ನೋಡಿ ಬೇಡ ಅಂದ್ರು. ನನ್ನ ಮೀಟರ್ ಸುಳ್ಳು ಹೇಳ್ತಿತ್ತು, ನಾನು ಅವರ ಬಾಯಿ ಮುಚ್ಚಿಸಿದೆ” ಎಂದೆ. ಪೂಜೆಯ ದಿನದ್ದೆಲ್ಲ ಒಂದೂ ಬಿಡದೆ ಹೇಳಿದೆ.

ಶಂಕ್ರಪ್ಪನೇ ಕೇಳಿದ, ಕೇಳಬಾರದ್ದನ್ನು. “ಅಲ್ಲಕ್ಕಾ, ಸಾಬ್ರಿಗ್ಯಾಕೆ ಮೀಟ್ರು?”

ಸಾಹೇಬರು ಶಂಕ್ರಪ್ಪನ ತುಟಿ ನೋಡುತ್ತಿದ್ದರು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು.

“ಕಿವಿ ಹೋಗಿದೆ ಕಣಪ್ಪಾ” ಎಂದರು. “ಎರಡು ವರ್ಷ ಆಯ್ತು. ಅದಕ್ಕೇ ಮೀಟರ್.”

ಮಂಜುನಾಥ ಶಂಕ್ರಪ್ಪನ ಮುಖ ನೋಡಿದ. ಶಂಕ್ರಪ್ಪ ತಲೆ ಕೆರೆದುಕೊಂಡ.

“ಅದು ಗೊತ್ತು ಸಾಬ್ರೇ” ಎಂದ ಮಂಜುನಾಥ. “ಎರಡು ವರ್ಷದಿಂದ ನಾವ್ಯಾಕೆ ನಿಮ್ಮೆದುರಿಗೇ ಬಂದು ನಿಂತು ಮಾತಾಡ್ತೀವಿ ಅಂದ್ಕೊಂಡ್ರಿ?”

“ಟೀ ಗ್ಲಾಸ್ ಇರುವಾಗ ಮೀಟ್ರು ಯಾಕೆ ಅಂತ ಕೇಳಿದ್ದು. ಅದಕ್ಕೆ ಟೀ ತುಂಬಿಸಿ ಕಳಿಸೋನು ನಾನೇ ಅಲ್ವಾ” ಎಂದ ಶಂಕ್ರಪ್ಪ. “ಕುಡಿಯೋಕಲ್ಲ ಅಂತ ಗೊತ್ತಾದ ಮೇಲೆ ಸಕ್ಕರೆ ಹಾಕೋದು ಬಿಟ್ಟೆ.”

ಸಾಹೇಬರು ಮೂಲೆಯ ಸ್ಟೂಲಿನ ಮೇಲೆ ಕೂತು, ಎಣ್ಣೆ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ಅತ್ತದ್ದೋ ನಕ್ಕದ್ದೋ ನನಗೆ ತಿಳಿಯಲಿಲ್ಲ. ಬಟ್ಟೆ ತೆಗೆದಾಗ ಹಣೆಯೆಲ್ಲ ಮಸಿಯಾಗಿತ್ತು.

ಮರುದಿನ ಬೆಳಿಗ್ಗೆ ನಾನೂ ಸಾಹೇಬರೂ ಮೀಟರನ್ನು ಸ್ಕೂಟರಿನಲ್ಲಿಟ್ಟುಕೊಂಡು ತುಂಗಾ ಸೇತುವೆಗೆ ಹೋದೆವು. ಹೊಳೆಯ ಮೇಲಿನ ಗಾಳಿಗೆ ಸೆನ್ಸರನ್ನು ಹಿಡಿದು, ಬಸ್ಸು ಲಾರಿ ಯಾವುದೂ ಇಲ್ಲದ ಹೊತ್ತು ನೋಡಿ ಬಟನ್ ಒತ್ತಿದೆ. ವಾಕಿಂಗ್ ಹೋಗುತ್ತಿದ್ದವರು ನಿಂತು ನೋಡಿದರು. ನೋಡಲಿ. ಈಗಲೂ ತಿಂಗಳಿಗೊಮ್ಮೆ ಹೋಗುತ್ತೇವೆ. ಆಯುಧಪೂಜೆಯ ದಿನ ಮೀಟರನ್ನು ಪೂಜೆಗೆ ಇಡುತ್ತೇವೆ, ಸ್ವಿಚ್ ಹಾಕುವುದಿಲ್ಲ. ಈ ಕೆಲಸಕ್ಕೆ ಬರುವವರು ಮುಂದೆ ನನಗಿಂತ ಎಷ್ಟೋ ಒಳ್ಳೆಯ ಮೀಟರು ಕಟ್ಟುತ್ತೀರಿ, ಕಟ್ಟಿ. ಆದರೆ ಎದುರಿಗೆ ಪ್ಲಗ್ ಹಿಡಿದುಕೊಂಡು ನಿಂತವರು ‘ಯಾಕೋ ಸರಿಯಿಲ್ಲ’ ಎಂದರೆ, ಅವರ ಬಾಯಿ ಮುಚ್ಚಿಸುವ ಮೊದಲು ನಿಮ್ಮ ಗಾಳಿ ಎಲ್ಲಿಯದು ಎಂದು ಕೇಳಿಕೊಳ್ಳಿ.

ಆ ಮೊದಲ ದಿನ ಸೇತುವೆಯಿಂದ ಬಂದವರೇ ಮಂಜುನಾಥನ ಬೈಕು ಶುರು ಮಾಡಿದೆವು. ಮುಳ್ಳು ಬಿಳಿಯಲ್ಲಿತ್ತು. ಸಾಹೇಬರು ದೊಡ್ಡ ಜೆಟ್ ಹಾಕಿದರು. ಮುಳ್ಳು ಕಾಫಿಯ ಅಂಚಿಗೆ ಬಂತು. ಪ್ಲಗ್ ಬಿಚ್ಚಿ ನೋಡಿ, ಇನ್ನೊಂದು ಅಳತೆ ದೊಡ್ಡದು ಹಾಕಿದರು. ಮುಳ್ಳೂ ಕಾಫಿ, ಪ್ಲಗ್ಗೂ ಕಾಫಿ. ಅಕ್ಕಪಕ್ಕದ ಶೆಡ್ಡುಗಳಿಂದ ಮಿಸ್ತ್ರಿಗಳು ಬಂದು ಸುತ್ತ ನಿಂತಿದ್ದರು. ಸಾಹೇಬರು ಹಳೆಯ ಅಭ್ಯಾಸದಂತೆ ಟ್ಯಾಂಕಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ತೆರೆದು ನನ್ನ ಕಡೆ ತಿರುಗಿ, ಅಷ್ಟು ಜನರ ಎದುರಿಗೆ, ಮೊದಲ ಸಲ ಕೇಳಿದರು.

“ಅಕ್ಕಾ, ಸೌಂಡು ಹೇಗಿದೆ?”

ಜೀವಮಾನವೆಲ್ಲ ಮೀಟರು ನೋಡಿದವಳು ನಾನು, ಮೀಟರಿಗೆ ಬೆನ್ನು ಹಾಕಿ ನಿಂತು ಎಂಜಿನ್ನಿನ ಸದ್ದು ಕೇಳಿದೆ. ಒಂದೇ ಸಮ, ಎಲ್ಲೂ ಕೆಮ್ಮದೆ ತಡವರಿಸದೆ ಓಡುತ್ತಿತ್ತು.

“ಚೆನ್ನಾಗಿದೆ ಸಾಬ್ರೇ!” ಎಂದು ಇಡೀ ಆಟೋ ಕಾಂಪ್ಲೆಕ್ಸಿಗೆ ಕೇಳುವ ಹಾಗೆ ಕೂಗಿ ಹೇಳಿದೆ.